ಆಜಾನಿಗೆ ಮನೆ ಹುಡುಕಿದ ಅಕ್ಕ

ನಾನು ಬಸ್ ಡ್ರೈವರ್. ನಾರಾಯಣಪೇಟೆಯಿಂದ ಮಕ್ತಲ್ ಮೂಲಕ ಗದ್ವಾಲಕ್ಕೆ, ಗದ್ವಾಲದಿಂದ ಮತ್ತೆ ನಾರಾಯಣಪೇಟೆಗೆ ಏಳು ವರ್ಷ ಗಾಡಿ ಓಡಿಸಿದೆ. ಆ ಏಳು ವರ್ಷವೂ ನನ್ನ ಬೆನ್ನ ಹಿಂದೆ ಒಬ್ಬರೇ ಕಂಡಕ್ಟರ್ ಇದ್ದರು. ಆ ಏಳು ವರ್ಷವೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು. ಕಳೆದ ತಿಂಗಳು ಅವರು ತೀರಿಕೊಂಡರು. ಡಿಪೊದಲ್ಲಿ ಫೋಟೋಕ್ಕೆ ಹಾರ ಹಾಕಿ ಎಲ್ಲರೂ ಒಂದೆರಡು ಮಾತು ಆಡಿದರು. ನನ್ನ ಸರದಿ ಬಂದಾಗ “ಭಾಳ ಛಲೋ ಮನುಷ್ಯಾರು” ಎಂದು ಹೇಳಿ ಕೂತುಬಿಟ್ಟೆ. ಏಳು ವರ್ಷ ಜೊತೆಗಿದ್ದವನು ಇಷ್ಟೇ ಹೇಳಿದನಲ್ಲ ಎಂದು ಕೆಲವರು ನನ್ನ ಮುಖ ನೋಡಿದರು.

ಹೆಸರು ಬರೆಯುವುದಿಲ್ಲ. ಬಸ್ಸಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಮುದುಕರಿಗೂ ಅಕ್ಕ, ಕೂಸುಗಳಿಗೂ ಅಕ್ಕ. ಗಿಡ್ಡ ಆಳು. ಚೌಕಳಿ ಸೀರೆಯ ಮೇಲೆ ಖಾಕಿ ಕೋಟು, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಹುರಿದ ಶೇಂಗಾ. ಸೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದರೂ ಊದುತ್ತಿರಲಿಲ್ಲ. ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದರು. ಒಂದು ಬಡಿತ ನಿಲ್ಲಿಸಲು, ಎರಡು ಹೊರಡಲು. ಯಾರಾದರೂ ಹೊಲದಿಂದ ಓಡಿ ಬರುತ್ತಿದ್ದರೆ ಬಡಿತದ ಜೊತೆ ಮಾತೂ ಬರುತ್ತಿತ್ತು: “ನಿಂದ್ರಸ್ರಿ ಅಣ್ಣಾ, ಮನುಷ್ಯಾರು ಬರಾಕತ್ತಾರ.” ಬರುವವರು ಮನುಷ್ಯರೇ ಎಂದು ನನಗೂ ಗೊತ್ತಿತ್ತು. ಆದರೆ ಅವರು ಹೇಳಿದ ಮೇಲೆ ನಿಲ್ಲಿಸದೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಗದ್ದಲವಾಯಿತು. ಬೇರೆ ಕಂಡಕ್ಟರುಗಳು ರೇಗುತ್ತಿದ್ದರು. ಅಕ್ಕ ಮಾತ್ರ ಆ ಗದ್ದಲದಲ್ಲೇ ಒಬ್ಬರ ಜೊತೆ ಕನ್ನಡ, ಇನ್ನೊಬ್ಬರ ಜೊತೆ ತೆಲುಗು, ಬಳೆಗಾರ ಬೀಬಿಗಳ ಜೊತೆ ಉರ್ದು ಮಾತಾಡುತ್ತ, ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರ ಮಗ್ಗ ನಿಂತಿದೆ ಎಂದು ವಿಚಾರಿಸುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದರು. ಜನ ಅವರಿಗೆ ಸೀತಾಫಲ ತಂದುಕೊಡುತ್ತಿದ್ದರು, ಹಸಿಗಡಲೆ ಗಿಡದ ಕಟ್ಟು, ಸಜ್ಜೆ ರೊಟ್ಟಿ, ಮನೆಯ ಬೆಣ್ಣೆ ಕೊಡುತ್ತಿದ್ದರು. ಗದ್ವಾಲದಲ್ಲಿ ಬಸ್ಸು ನಿಂತಾಗ ಅಕ್ಕ ಎಲ್ಲದರಲ್ಲೂ ಸರಿ ಅರ್ಧ ಮಾಡಿ ನನ್ನ ಸೀಟಿನ ಮೇಲಿಡುತ್ತಿದ್ದರು. ನಾನು ತಿನ್ನುತ್ತಿದ್ದೆ. ಒಂದು ಸೀತಾಫಲವನ್ನಾದರೂ ಯಾರೂ ನನಗೆಂದು ತಂದಿರಲಿಲ್ಲ.

ಒಮ್ಮೆ ಧರೂರಿನ ಹತ್ತಿರ ಮುಂದಿನ ಟೈರು ಸಿಡಿಯಿತು. ಎಡಕ್ಕೆ ಕಾಲುವೆ, ಎದುರಿಗೆ ಭತ್ತದ ಲಾರಿ. ಸ್ಟೇರಿಂಗನ್ನು ಎದೆಗೊತ್ತಿ ಹಿಡಿದು, ಲಾರಿ ದಾಟಿದ ಕೂಡಲೇ ಗಾಡಿಯನ್ನು ಬಲಗಡೆಯ ಮಣ್ಣಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದೆ. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ಜನ ಇಳಿದು ನೇರವಾಗಿ ಅಕ್ಕನ ಸುತ್ತ ಸೇರಿದರು. “ಅಕ್ಕಾ, ನಿಮಗೇನು ಆಗಿಲ್ಲಲ್ಲ? ನೀರು ಕುಡೀರಿ ಅಕ್ಕಾ.” ನನ್ನ ಕಡೆ ಬಂದದ್ದು ಅಕ್ಕ ಒಬ್ಬರೇ. ತಮಗೆ ಯಾರೋ ಕೊಟ್ಟ ನೀರಿನ ಬಾಟಲಿಯನ್ನು ನನ್ನ ಕೈಗಿಟ್ಟು, “ಇವರಿಗೆ ಕೈ ಮುಗೀರಿ, ನನಗಲ್ಲ” ಎಂದು ಜನರಿಗೆ ಹೇಳಿದರು. ಅವರ ಬಾಯಿಂದ ಆ ಮಾತು ಬಂದದ್ದು ನನಗೆ ಇನ್ನೂ ಕೆಟ್ಟದಾಗಿ ತಾಗಿತು. ನನ್ನ ಪರವಾಗಿ ಕೇಳಿ ಕೊಡಿಸುವ ಮರ್ಯಾದೆ ನನಗೆ ಬೇಕಾಗಿರಲಿಲ್ಲ.

ನಾಯಿಯ ವಿಷಯ ಶುರುವಾದದ್ದು ಒಂದು ಹತ್ತಿ ಮಿಲ್ಲಿನ ಮುಂದೆ. ಮಕ್ತಲ್ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡು ಆ ಮಿಲ್ಲು ಇತ್ತು. ಅದು ಮುಚ್ಚಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಅಲ್ಲಿ ತಗಡಿಗೆ ಒಂದು ಬಡಿತ ಬಿತ್ತು.

“ಇಲ್ಲಿ ಸ್ಟಾಪ್ ಇಲ್ಲ ಅಕ್ಕ” ಎಂದೆ.

“ಗೊತ್ತೈತಿ ನಿಂದ್ರಸ್ರಿ. ಒಳಗ ಕಂಬಕ್ಕ ಕಟ್ಟಿದ ನಾಯಿ ಮೂರು ದಿನದಿಂದ ಒಂದ ಮಗ್ಗಲಿಗೆ ಬಿದ್ದೈತಿ.”

ದಿನಕ್ಕೆ ನಾಲ್ಕು ಸಲ ಆ ದಾರಿಯಲ್ಲಿ ಹೋಗುವ ನಾನು ಅಲ್ಲಿ ನಾಯಿ ಇರುವುದನ್ನೇ ನೋಡಿರಲಿಲ್ಲ. ಡ್ರೈವರನಾದವನು ಮುಂದೆ ನೋಡಬೇಕು, ಪಕ್ಕಕ್ಕಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅಕ್ಕ ಸೀರೆ ಎತ್ತಿಕಟ್ಟಿ, ಅರ್ಧ ಬಿದ್ದಿದ್ದ ಗೋಡೆ ಹತ್ತಿ ಒಳಗೆ ಇಳಿದರು. ಪ್ರಯಾಣಿಕರು ಕಿಟಕಿಗಳಿಂದ ನೀರಿನ ಬಾಟಲಿ ಚಾಚಿದರು. ನಾನೂ ಇಳಿದು ಹೋದೆ. ಕಪ್ಪು ನಾಯಿ, ಎದ್ದು ನಿಂತರೆ ಹೋರಿಗರುವಿನಷ್ಟು ಎತ್ತರ. ಸರಪಳಿ ಕಂಬಕ್ಕೆ ಸುತ್ತಿಕೊಂಡು ಕೊರಳು ಗಾಯವಾಗಿತ್ತು. ಅಕ್ಕ ಹತ್ತಿರ ಹೋದರೆ ಹಲ್ಲು ಕಿರಿಯಿತು. ರಾಜಾ, ಟೈಗರ್, ಕರಿಯಾ ಎಂದು ಗೊತ್ತಿದ್ದ ಹೆಸರುಗಳನ್ನೆಲ್ಲ ಕರೆದರು. ಅದು ಗುರುಗುಟ್ಟುತ್ತಲೇ ಇತ್ತು. ಗೋಡೆಯಾಚೆ ನಿಂತಿದ್ದ ಒಬ್ಬ ಬಳೆಗಾರ ಬೀಬಿ, “ಕಾವಲಿದ್ದಾಂವ ಹಿಂದಿ ಮುಲುಕಿನಾಂವ ಅಕ್ಕ, ಹಿಂದೀಲೆ ಕರೀರಿ” ಎಂದಳು.

ಅಕ್ಕ ನೆಲಕ್ಕೆ ಕೂತು, “ಆಜಾ ಬೇಟಾ, ಆಜಾ” ಎಂದರು. ನಾಯಿಯ ಬಾಲ ಒಂದು ಸಲ ಮಣ್ಣಿಗೆ ಬಡಿಯಿತು. ಬಾ ಎಂದು ಕರೆದ ಆ ‘ಆಜಾ’ ಎಂಬುದೇ ಅದರ ಹೆಸರಾಯಿತು.

ಡ್ಯೂಟಿ ಮುಗಿದ ಮೇಲೆ ಅಕ್ಕ ಒಂದು ಟ್ರಾಲಿ ಆಟೊ ಮಾಡಿ ಅದನ್ನು ದನದ ಡಾಕ್ಟರರ ಹತ್ತಿರ ಒಯ್ದು, ಅಲ್ಲಿಂದ ನಾರಾಯಣಪೇಟೆಯ ತಮ್ಮ ಬಾಡಿಗೆ ಮನೆಗೆ ಕರೆದುಕೊಂಡು ಹೋದರು. ಅದು ನೇಕಾರರ ಓಣಿ. ಕೆಳಗೆ ಮನೆ ಮಾಲಕರ ಮಗ್ಗಗಳು, ಮೇಲೆ ಅಕ್ಕನ ಎರಡು ಕೋಣೆ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಒಬ್ಬರೇ ಇದ್ದರು. ಮೂರನೇ ವಾರ, ಓಣಿಯುದ್ದಕ್ಕೂ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದಾಗ, ಆಜಾ ಒಂದು ಬೆಕ್ಕಿನ ಬೆನ್ನು ಹತ್ತಿ ಆ ನೂಲಿನ ನಡುವೆಯೇ ನುಗ್ಗಿತು. ಹರಿದದ್ದು ಒಂದು ಸೀರೆಯ ನೂಲಲ್ಲ, ಎಂಟು ಸೀರೆಯದು. ಮನೆ ಮಾಲಕರು ಬೈಯಲಿಲ್ಲ. ಹರಿದ ನೂಲು ಹಿಡಿದು ಅಕ್ಕನ ಮುಂದೆ ನಿಂತು, “ಇದಕ್ಕೊಂದು ಬೇರೆ ಠಿಕಾಣಿ ನೋಡ್ರೆವ್ವ” ಎಂದರಂತೆ.

ಮಕ್ತಲಿನಲ್ಲಿ ನನ್ನದು ಸ್ವಂತ ಮನೆ, ಹಿತ್ತಲಲ್ಲಿ ಬೇವಿನ ಮರ, ಸುತ್ತ ಗೋಡೆ. “ಖಾಯಂ ಮನಿ ಸಿಗೂತನಕ ನಿಮ್ಮಲ್ಲಿರಲಿ ಅಣ್ಣ” ಎಂದು ಅಕ್ಕ ಕೇಳಿದರು. ಒಪ್ಪಿಕೊಂಡೆ. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಆಮೇಲಿನ ಮೂರು ತಿಂಗಳನ್ನು ನಾನು ಮರೆಯಲಾರೆ. ಕೊರಳ ಗಾಯಕ್ಕೆ ಮುಲಾಮು ಹಚ್ಚಿದವನು ನಾನು. ಜೋಳದ ನುಚ್ಚಿಗೆ ಮೊಟ್ಟೆ ಕಲಸಿ ಕೈಯಾರೆ ತಿನ್ನಿಸಿದವನು ನಾನು. ಡ್ಯೂಟಿ ಮುಗಿಸಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಅದು ಎದ್ದು ಬಾಗಿಲಿಗೆ ಬರುತ್ತದೆ ಎಂದು ನನ್ನ ಹೆಂಡತಿ ಹೇಳಿದಾಗ ನನಗಾದ ಸಂತೋಷ ಹೇಳಲು ಬರುವುದಿಲ್ಲ. ನಾನು ಬರುವುದನ್ನು ಕಾಯುವ ಒಂದು ಜೀವವಿತ್ತು. ನಲವತ್ತು ಸೀಟಿನ ಬಸ್ಸಿನಲ್ಲಿ ಇಷ್ಟು ವರ್ಷ ಸಿಗದದ್ದು ಹಿತ್ತಲಲ್ಲಿ ಸಿಕ್ಕಿತು.

ಒಂದು ಭಾನುವಾರ ಅಕ್ಕ ನೋಡಲು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ತಡ, ನನ್ನ ಕೈಯಿಂದ ತಿನ್ನುತ್ತಿದ್ದ ನಾಯಿ ತುತ್ತು ಬಿಟ್ಟು ಓಡಿತು. ಎರಡೂ ಮುಂಗಾಲು ಅವರ ಹೆಗಲ ಮೇಲಿಟ್ಟು, ಅವರಿಗಿಂತ ಎತ್ತರ ನಿಂತು, ಕೂಸಿನ ಹಾಗೆ ಅಳುವ ಸದ್ದು ಮಾಡಿತು. ನನ್ನ ಮುಂದೆ ಅದು ಎಂದೂ ಆ ಸದ್ದು ಮಾಡಿರಲಿಲ್ಲ. ಬೆರಳಿಗೆ ಅಂಟಿದ ನುಚ್ಚಿನ ಜೊತೆ ನಾನು ಅಲ್ಲೇ ಕೂತಿದ್ದೆ.

ಮುಂದಿನ ವಾರ ಬರುತ್ತೇನೆಂದು ಅಕ್ಕ ಹೇಳಿದಾಗ, “ಮೈಗೆ ಕಜ್ಜಿ ಎದ್ದೈತ್ರಿ, ಔಷಧ ಹಚ್ಚೀವಿ. ಎರಡು ವಾರ ಯಾರೂ ಮುಟ್ಟಬಾರದು ಅಂದಾರ ಡಾಕ್ಟರು” ಎಂದೆ. ಮನೆಯಲ್ಲಿ ಈ ವಿಷಯ ಹೇಳಿದಾಗ ನನ್ನ ಹೆಂಡತಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ಸುಳ್ಳ ಯಾಕ ಹೇಳಿದ್ರಿ?”

“ಸುಮ್ನ.”

“ಆ ಅಕ್ಕನ ಸುದ್ದಿ ಬಂದ್ರ ನಿಮ್ಮ ಮಾರಿ ಹಿಂಗ್ಯಾಕ ಆಗತೈತಿ?” ಎಂದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಅಷ್ಟರಲ್ಲಿ ಅಕ್ಕ ಬಸ್ಸಿನಲ್ಲೇ ಮನೆ ಹುಡುಕತೊಡಗಿದ್ದರು. ಟಿಕೆಟಿನ ಜೊತೆ ಮೊಬೈಲಿನ ಫೋಟೋ ತೋರಿಸುತ್ತಿದ್ದರು. ಸಣ್ಣ ಮರಿಯಾದರೆ ಕೊಡಿ ಎನ್ನುವವರು ಬಹಳ. ಇಷ್ಟು ದೊಡ್ಡದು, ವಯಸ್ಸಾದದ್ದು ಎಂದ ಕೂಡಲೇ ಹಿಂದೆ ಸರಿಯುತ್ತಿದ್ದರು. ಬೇಕು ಎಂದವರನ್ನು ಅಕ್ಕ ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತಿದ್ದರು. ಗದ್ವಾಲದ ಒಬ್ಬ ಅಕ್ಕಿ ಗಿರಣಿಯವನು, “ಹಗಲೆಲ್ಲ ಕತ್ತಲಕೋಣ್ಯಾಗ ಕಟ್ಟಿ ಹಾಕಿದ್ರ ರಾತ್ರಿ ಚೂಪಾಗತೈತಿ” ಎಂದ. “ನೀವೊಂದು ದಿನ ಕುಂತು ನೋಡ್ರಿ ಕತ್ತಲಾಗ, ಎಷ್ಟು ಚೂಪಾಗ್ತೀರಿ ಹೇಳ್ರಿ” ಎಂದು ಅಕ್ಕ ಮುಂದಿನ ಸೀಟಿಗೆ ನಡೆದರು. ಧನ್ವಾಡದ ಒಬ್ಬ ಹುಡುಗ ಅದರ ಪಕ್ಕ ನಿಂತು ವಿಡಿಯೋ ಮಾಡಿದರೆ ಊರೇ ನೋಡುತ್ತದೆ ಎಂದ. “ವಿಡಿಯೋ ಮುಗದ ಮ್ಯಾಲೆ?” ಎಂದು ಕೇಳಿದರು. ಅವನು ತನ್ನ ಮೊಬೈಲು ಜೇಬಿಗೆ ಹಾಕಿಕೊಂಡ. ಒಂದೊಂದು ಮನೆ ತಪ್ಪಿದಾಗಲೂ ನನಗೆ ಒಳಗೇ ಹಿಗ್ಗು. ಕೊನೆಗೆ ಅಕ್ಕ ನನ್ನನ್ನೇ ಕೇಳುತ್ತಾರೆ, ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ನಾನಾಗಿ ಕೇಳಲು ಮನಸ್ಸು ಬರಲಿಲ್ಲ. ಅವರು ಕೇಳಲಿಲ್ಲ.

ಒಂದು ದಿನ ಗದ್ವಾಲ ಬಸ್‌ಸ್ಟ್ಯಾಂಡಿಗೆ ವಡ್ಡೆಪಲ್ಲಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಗಂಡನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಹೊಲದಲ್ಲಿ ಮನೆ, ಮೆಣಸಿನಕಾಯಿ ಬೆಳೆಯುತ್ತಾರೆ. ಹಿಂದಿನಿಂದ ಟ್ರ್ಯಾಕ್ಟರ್ ಬಂದರೂ ಅವನಿಗೆ ತಿಳಿಯುವುದಿಲ್ಲ, ಎರಡು ಸಲ ಸ್ವಲ್ಪದರಲ್ಲೇ ಉಳಿದಿದ್ದ. ಮೊದಲಿದ್ದ ನಾಯಿ ಅವನ ಸೊಂಟಕ್ಕೆ ಮೂತಿ ತಾಗಿಸಿ ಎಚ್ಚರಿಸುತ್ತಿತ್ತು, ಅದು ಸತ್ತಿತ್ತು. “ಮಾತಿನ ಅಗತ್ಯ ಇಲ್ರಿ ಅಕ್ಕ, ಅವರು ಕೈಲೆ ಎಲ್ಲಾ ಕಲಸ್ತಾರ” ಎಂದಳು. ಅಕ್ಕನ ಮುಖ ಅರಳಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ನಾಯಿ ಇರುವುದು ನಮ್ಮ ಮನೆಯಲ್ಲಾದ್ದರಿಂದ ಆಕೆ ನನ್ನ ನಂಬರು ಬರೆದುಕೊಂಡಳು.

ಎರಡು ದಿನ ಬಿಟ್ಟು ಫೋನು ಬಂತು. “ಅಣ್ಣಾ, ಅದರ ಗುಣ ಹೆಂಗೈತ್ರಿ?”

ಆಜಾ ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತ್ತು.

“ಕಚ್ಚತೈತ್ರಿ” ಎಂದೆ. “ನಮ್ಮ ಓಣ್ಯಾಗ ಒಬ್ಬರನ್ನ ಕಚ್ಚೈತಿ. ನಿಮ್ಮ ಯಜಮಾನರಿಗೆ ಬ್ಯಾರೆ ಕಿವಿ ಕೇಳಾಂಗಿಲ್ಲ. ನೋಡ್ರಿ ಮತ್ತ.”

ಆಕೆ ಬೇಡ ಎಂದಳು. ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಆಕೆ ಅದನ್ನು ಬಸ್ಸಿನಲ್ಲಿ ಯಾರಿಗೋ ಹೇಳಿದಳು, ಅವರು ಇನ್ಯಾರಿಗೋ. ವಾರದೊಳಗೆ ಅದು ಮಕ್ತಲಿಗೆ ಬಂದು ನಮ್ಮ ಓಣಿಗೇ ಮುಟ್ಟಿತು. ಮಕ್ಕಳು ಓಡಾಡುವ ಜಾಗ, ಕಚ್ಚುವ ನಾಯಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಐದಾರು ಜನ ಮನೆಗೆ ಬಂದರು. ಯಾರನ್ನು ಕಚ್ಚಿದೆ ಎಂದರೆ ಹೇಳುವವರಿಲ್ಲ, ಆದರೆ ಕಚ್ಚಿರುವುದು ಎಲ್ಲರಿಗೂ ಗೊತ್ತು. ನಾಲ್ಕು ದಿನದೊಳಗೆ ಸಾಗಿಸದಿದ್ದರೆ ರೊಟ್ಟಿಯೊಳಗೆ ಏನಾದರೂ ಇಟ್ಟು ಹಾಕುತ್ತೇವೆ ಎಂದು ಒಬ್ಬ ನನ್ನ ಮುಖಕ್ಕೇ ಹೇಳಿದ. ನಾನು ಹುಟ್ಟಿಸಿದ ಮಾತು ನನ್ನ ಬಾಗಿಲಿಗೇ ಬಂದು ನಿಂತಿತ್ತು.

ಮರುದಿನ ಗದ್ವಾಲದಲ್ಲಿ ಜನರೆಲ್ಲ ಇಳಿದ ಮೇಲೆ ಅಕ್ಕ ಮುಂದೆ ಬಂದು ನನ್ನ ಪಕ್ಕದ ಎಂಜಿನ್ನಿನ ಮೇಲೆ ಕೂತರು.

“ಯಾರನ್ನ ಕಚ್ಚೈತಣ್ಣ?”

ನಾನು ಗಾಜಿನಾಚೆ ನೋಡುತ್ತಿದ್ದೆ.

“ವಡ್ಡೆಪಲ್ಲಿಯಾಕಿ ಫೋನ್ ಮಾಡಿದ್ಲು. ನೀವ ಹೇಳಿದ್ರಿ ಅಂದ್ಲು. ಕಜ್ಜಿ ಅಂದದ್ದೂ ಸುಳ್ಳು, ಡಾಕ್ಟರನ್ನ ಕೇಳಿದೆ.”

“ನನಗ ಕೊಡ್ರಿ ಅದನ್ನ” ಎಂದೆ. “ಎಲ್ಲರನ್ನೂ ಕೇಳಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ. ಮೂರು ತಿಂಗಳು ಸಾಕಿದಾಂವ ನಾನು.”

ಅಕ್ಕ ಕೈಯಲ್ಲಿದ್ದ ಟಿಕೆಟ್ ಮಿಷನ್ ಪಕ್ಕಕ್ಕಿಟ್ಟರು. “ಕೇಳೂದಿತ್ತು” ಎಂದರು. “ಕಜ್ಜಿ ಸುಳ್ಳು ಅಂತ ತಿಳಿಯೂತನಕ ಕೇಳಬೇಕಂತನ ಇದ್ದೆ. ನಿಮಗ ನಾಯಿ ಬೇಕಾಗಿಲ್ಲಣ್ಣ. ಅದು ನಿಮ್ಮನ್ನ ಬಿಟ್ಟು ಇನ್ಯಾರ ಹಂತ್ಯಾಕೂ ಹೋಗಬಾರದು, ಅದು ಬೇಕಾಗೈತಿ. ಮಿಲ್ಲಿನಾಂವನೂ ಸರಪಳಿ ಹಾಕಿದ್ದ.”

ಏಳು ವರ್ಷದಲ್ಲಿ ಅವರು ನನಗೆ ಆಡಿದ ಬಿರುಸಾದ ಮಾತು ಅದೊಂದೇ. ಹೊಡೆದಿದ್ದರೆ ಕಡಿಮೆ ನೋಯುತ್ತಿತ್ತು. ಅವರು ಎದ್ದು ಟಿಕೆಟ್ ಮಿಷನ್ ತಗೊಂಡರು. “ನಾಳೆ ನಿಮಗ ರಜಾ ಐತಿ. ಹೇಳಿದಾವ್ರು ನೀವು, ನೀವ ನಾಯಿ ಕರಕೊಂಡು ಹೋಗಿ ಕಚ್ಚಾಂಗಿಲ್ಲ ಅಂತ ಹೇಳಿ ಬರ್ರಿ. ನಾನು ಬರಾಂಗಿಲ್ಲ.”

ಅಕ್ಕ ಈ ವಿಷಯವನ್ನು ಡಿಪೊದಲ್ಲಿ ಒಬ್ಬರಿಗೂ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿದ್ದೆ.

ಮರುದಿನ ಟ್ರಾಲಿ ಆಟೊದ ಹಿಂಭಾಗದಲ್ಲಿ ನಾಯಿಯ ಜೊತೆ ಕೂತು ಹೊರಟೆ. ಜುರಾಲಾ ಅಣೆಕಟ್ಟಿನ ಮೇಲೆ ಗಾಳಿ ಬೀಸಿದಾಗ ಅದು ಎದ್ದು ನಿಂತು ಮೂಗು ಎತ್ತಿತು. ನಾನು ಎರಡೂ ಕೈಯಿಂದ ತಬ್ಬಿ ಹಿಡಿದೆ. ಬಿಸಿಲು ಏರುವಷ್ಟರಲ್ಲಿ ಆ ಹೊಲದ ಮನೆ ಮುಟ್ಟಿದೆವು. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಹೆಣ್ಣುಮಗಳು ಕೋಲು ಹಿಡಿದು ಬೇಲಿಯ ಒಳಗೇ ನಿಂತಳು. ಅವಳ ಗಂಡ ಸ್ವಲ್ಪ ದೂರದಲ್ಲಿ ನಿಂತು ನಮ್ಮ ಬಾಯಿ ನೋಡುತ್ತಿದ್ದ.

“ಸುಳ್ಳು ಹೇಳಿದ್ದೆ ತಂಗಿ” ಎಂದೆ. “ಇದು ಯಾರನ್ನೂ ಕಚ್ಚಿಲ್ಲ.”

“ಯಾಕ ಹೇಳಿದ್ರಿ ಹಂಗ?”

ನಾನು ನಾಯಿಯ ಬೆನ್ನು ಸವರಿದೆ. ಅವಳು ನಂಬಿದಂತೆ ಕಾಣಲಿಲ್ಲ, ಕೋಲು ಇಳಿಸಲಿಲ್ಲ. ನನಗೆ ಬೇರೆ ದಾರಿ ತೋಚಲಿಲ್ಲ. ಅಂಗಿಯ ತೋಳು ಮೇಲೇರಿಸಿ, ನಾಯಿಯ ದವಡೆ ತೆರೆದು, ಮುಂಗೈಯನ್ನು ಅದರ ಬಾಯೊಳಗೆ ಅಡ್ಡಲಾಗಿ ಇಟ್ಟೆ. ಆಜಾ ಗೊಂದಲದಿಂದ ನನ್ನನ್ನು ನೋಡಿತು. ಹಲ್ಲುಗಳು ಚರ್ಮಕ್ಕೆ ತಾಗಿದ್ದವು, ಒತ್ತಲಿಲ್ಲ. ಆಮೇಲೆ ನಾಲಗೆಯಿಂದ ಕೈಯನ್ನು ಹೊರಗೆ ನೂಕಿ, ಅದನ್ನೇ ನೆಕ್ಕಿತು. ಆ ಗಂಡ ಜೋರಾಗಿ ನಕ್ಕ. ಬೇಲಿ ತೆಗೆದು ಬಂದು ಮಂಡಿಯೂರಿದ. ಬಾಯಿಂದ ಸದ್ದಿಲ್ಲದೆ, ಬರೀ ಕೈಯನ್ನು ತನ್ನ ಎದೆಯ ಕಡೆ ಒಮ್ಮೆ ಎಳೆದುಕೊಂಡ. ನಾಯಿ ಎದ್ದು ಅವನ ಹತ್ತಿರ ಹೋಯಿತು. ಹೋಗುವಾಗ ತಿರುಗಿ ನೋಡಲಿಲ್ಲ.

ಅಕ್ಕ ಮತ್ತು ನಾನು ಆಮೇಲೂ ಒಂದೂವರೆ ವರ್ಷ ಒಂದೇ ಬಸ್ಸಿನಲ್ಲಿ ದುಡಿದೆವು. ಆ ಸಂಗತಿಯನ್ನು ಅವರು ಮತ್ತೆ ಎತ್ತಲಿಲ್ಲ. ಸೀತಾಫಲದ ಅರ್ಧ ನನ್ನ ಸೀಟಿನ ಮೇಲೆ ಬರುತ್ತಲೇ ಇತ್ತು. ಒಂದು ರಜೆಯ ದಿನ ಅಕ್ಕ ತಮ್ಮ ಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನೇಕಾರರ ಓಣಿಯಲ್ಲಿ ಅಂದು ಮಗ್ಗದ ಸದ್ದು ಕೇಳಲಿಲ್ಲ. ಬಸ್ಸಿನ ಜನ ಎಷ್ಟು ಬಂದಿದ್ದರೆಂದರೆ ಮುಖ ನೋಡಲು ನಾನು ಸರದಿಯಲ್ಲಿ ನಿಲ್ಲಬೇಕಾಯಿತು. ಸರದಿಯಲ್ಲಿ ನಿಂತಾಗ ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ: ನಾನು ಸತ್ತರೆ ಇದರ ಕಾಲುಭಾಗ ಜನವಾದರೂ ಬರುತ್ತಾರೆಯೇ ಎಂದು ಲೆಕ್ಕ ಹಾಕುತ್ತಿದ್ದೆ.

ವಡ್ಡೆಪಲ್ಲಿಯವರಿಗೆ ಸುದ್ದಿ ತಲುಪಿರಲಿಕ್ಕಿಲ್ಲ ಎಂದು ಹದಿನೈದು ದಿನದ ಮೇಲೆ ನಾನೇ ಹೋದೆ. ನಾಯಿ ಬಿಟ್ಟುಬಂದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಹೇಳಿದ ಕೂಡಲೇ ಹೆಣ್ಣುಮಗಳು ಅಂಗಳದಲ್ಲೇ ಕುಸಿದು ಅತ್ತಳು. “ಅದಕ್ಕ ಈ ತಿಂಗಳು ಬರಲಿಲ್ಲ ಅಕ್ಕ” ಎಂದಳು.

“ಈ ತಿಂಗಳು ಅಂದ್ರ?”

“ತಿಂಗಳಾ ಬರ್ತಿದ್ರಲ್ರಿ. ಮೊದಲನೇ ಭಾನುವಾರ. ಮುಂಜಾನಿ ಬಂದು ಸಂಜೀಕ ಹೋಗ್ತಿದ್ರು.”

ಒಂದೂವರೆ ವರ್ಷ! ಹೋಗಿ ಬಂದ ಮರುದಿನವೇ ನನ್ನ ಬೆನ್ನ ಹಿಂದೆ ನಿಂತು ತಗಡು ಬಡಿದ ಹೆಂಗಸು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. “ನನಗ ಹೇಳಬಾರದಿತ್ತೇನು? ನಾನೂ ಬರ್ತಿದ್ದೆ” ಎಂದೆ. ಸತ್ತವರ ಮೇಲೆ ಸಿಟ್ಟು ಬಂದಿತ್ತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಅದಕ್ಕ ಹೇಳಿರಾಕಿಲ್ಲ ಬಿಡ್ರಿ” ಎಂದಳು.

ಅವಳ ಗಂಡ ಹೊಲದಿಂದ ಬಂದ, ಹಿಂದೆ ಆಜಾ. ಮೂತಿ ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ನನ್ನ ಮೊಣಕಾಲು ಮೂಸಿ, ಬಾಲವನ್ನು ನಾಲ್ಕು ಸಲ ಆಡಿಸಿ, ಹೋಗಿ ಅವನ ಕಾಲ ಬಳಿ ಮಲಗಿತು. ಹೆಂಡತಿ ಕೈಸನ್ನೆಯಿಂದ ಗಂಡನಿಗೆ ಸುದ್ದಿ ಹೇಳಿದಳು. ಹೆಗಲಿನ ಚೀಲ, ಟಿಕೆಟ್ ಹರಿಯುವ ಬೆರಳು: ಅದು ಅಕ್ಕ. ಆಮೇಲೆ ಅಂಗೈ ಕವುಚಿದಳು: ಹೋದರು. ಅವನು ಬಹಳ ಹೊತ್ತು ನೆಲ ನೋಡಿದ. ಆಮೇಲೆ ನನ್ನ ಕಡೆ ತೋರಿಸಿ, ಬಲಗೈಯ ಬೆರಳುಗಳನ್ನು ದವಡೆಯ ಹಾಗೆ ಮಾಡಿ ತನ್ನ ಎಡ ಮುಂಗೈಯನ್ನು ಕಚ್ಚಿ ಹಿಡಿದು, ಹೆಂಡತಿಯನ್ನು ಏನೋ ಕೇಳಿದ.

“ಏನಂತಾರ?”

“ಅಂವನ ಅಲ್ಲೇನು ಇಂವ, ಅಂತ. ನಿಮ್ಮ ಹೆಸರ್ರಿ ಆ ಕೈಸನ್ನಿ ನಮ್ಮನ್ಯಾಗ.”

“ಕಚ್ಚತೈತಿ ಅಂತ ಸುಳ್ಳ ಹೇಳಿದಾಂವ ಅಂತೇನು?”

ಅವಳಿಗೆ ಮುಜುಗರವಾಯಿತು. “ಮೊದಲ ಹಂಗ ಇತ್ರಿ. ಅಕ್ಕ ಬಂದಾಗೊಮ್ಮೆ ಬೈತಿದ್ರು. ಹಂಗ ಅನಬ್ಯಾಡ್ರಿ, ನಾಯಿ ಬಾಯಾಗ ಕೈ ಇಟ್ಟಾಂವ ಅನ್ರಿ ಅಂತಿದ್ರು. ಕೈಸನ್ನಿ ಮಾತ್ರ ಎರಡಕ್ಕೂ ಒಂದ ಐತ್ರಿ, ಏನು ಮಾಡೂದು” ಎಂದು ಅಳುವಿನ ನಡುವೆಯೇ ನಕ್ಕಳು. ಗಂಡ ನಮ್ಮ ಬಾಯಿ ನೋಡುತ್ತ ಕಾಯುತ್ತಿದ್ದ. ಹೌದು, ನಾನೇ ಎಂದು ತಲೆಯಾಡಿಸಿದೆ.

ಊಟ ಮಾಡಿಸಿಯೇ ಕಳಿಸಿದರು. ಹೊರಟಾಗ ಆಜಾ ಬೇಲಿಯ ತನಕ ನನ್ನ ಜೊತೆ ಬಂತು. ನನ್ನ ಹಿಂದೆಯೇ ಬಂದಿದೆಯೆಂದು ಒಂದು ಕ್ಷಣ ಹಿಗ್ಗಿ, ಬಗ್ಗಿ ಅದರ ತಲೆ ಮುಟ್ಟಲು ಕೈ ಚಾಚಿದೆ. ಅದು ನನ್ನನ್ನು ಬಳಸಿಕೊಂಡು ಮುಂದೆ ಹೋಗಿ, ಬಸ್ಸಿನ ರಸ್ತೆಯ ಕಡೆ ಮುಖ ಮಾಡಿ ಕೂತಿತು. ಅಂದು ಭಾನುವಾರವಾಗಿತ್ತು.